ಹಲಸಿನ ದಿಮ್ಮಿಯ ಆ ಕಡೆ

ಹಸಿ ಹಲಸಿನ ಮರದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಹಣ್ಣಿನ ವಾಸನೆಯಲ್ಲ, ಅದು ನನಗೂ ಇಷ್ಟ. ಆಗತಾನೆ ಕಡಿದ ಮರದ ಹಾಲು, ಒದ್ದೆ ತೊಗಟೆ, ಬಿಸಿಲಿಗೆ ಬಿದ್ದ ಒಳಮರದ ಹಳದಿ ಚೇಗು, ಎಲ್ಲ ಸೇರಿ ಬರುವ ವಾಸನೆ. ಮೊಮ್ಮಕ್ಕಳು ಯಾಕಜ್ಜಿ ಮುಖ ಹಾಗೆ ಮಾಡ್ತೀಯ ಎಂದು ಕೇಳಿದರೆ ಬಿಸಿಲು ಕಣ್ರೋ ಎಂದು ತಪ್ಪಿಸಿಕೊಳ್ಳುತ್ತೇನೆ. ಬಿಸಿಲೂ ಅಲ್ಲ, ಮಣ್ಣೂ ಅಲ್ಲ. ನಾಚಿಕೆ. ಮದುವಣಗಿತ್ತಿಯ ನಾಚಿಕೆಯಲ್ಲ, ತಲೆ ತಗ್ಗಿಸುವ ನಾಚಿಕೆ.

ನಮ್ಮಪ್ಪ ಚಿಕ್ಕಬಳ್ಳಾಪುರದ ಒಂದು ಸಾಮಿಲ್ಲಿನಲ್ಲಿದ್ದರು. ಗರಗಸದ ಹತ್ತಿರ ಅವರಿಗೆ ಕೆಲಸವಿರಲಿಲ್ಲ. ಮರ ಗಾಡಿಯಿಂದ ಇಳಿದಾಗಿನಿಂದ ಗರಗಸಕ್ಕೆ ಏರುವವರೆಗೆ ಅದರ ಯೋಗಕ್ಷೇಮ ಅಪ್ಪನದು. ಹಸಿ ಇರುವಾಗಲೇ ತೊಗಟೆ ಸುಲಿಸಬೇಕು, ಇಲ್ಲದಿದ್ದರೆ ಅದರಡಿ ಕುಟ್ಟೆಹುಳ ಸಂಸಾರ ಹೂಡುತ್ತದೆ. ನೆಲಕ್ಕೆ ತಾಗದಂತೆ ಕೆಳಗೆ ಕಲ್ಲು ಕೊಡಬೇಕು, ಇಲ್ಲದಿದ್ದರೆ ಗೆದ್ದಲು. ಎಲ್ಲಕ್ಕಿಂತ ಮೊದಲು ದಿಮ್ಮಿಯ ಎರಡೂ ತುದಿಗೆ ಸಗಣಿ, ಕೆಮ್ಮಣ್ಣು ಕಲಸಿ ದಪ್ಪಗೆ ಮೆತ್ತಬೇಕು. ಮರದೊಳಗಿನ ನೀರು ತುದಿಯಿಂದಲೇ ಬೇಗ ಹೊರಗೆ ಹೋಗುವುದು. ತುದಿ ಒಣಗಿ ಒಳಗೆ ಹಸಿ ಉಳಿದರೆ ಬೇಸಿಗೆಯಲ್ಲಿ ಹಿಮ್ಮಡಿ ಒಡೆದ ಹಾಗೆ ಒಡೆಯುತ್ತದೆ, ಒಡಕು ಒಳಗೊಳಗೇ ಓಡುತ್ತದೆ. ಆಮೇಲೆ ಎಂಥ ಗರಗಸ ಇಟ್ಟರೂ ಹಲಗೆ ಬರುವುದಿಲ್ಲ, ಸೌದೆ ಬರುತ್ತದೆ.

ಇದೇನೂ ಅಪ್ಪನ ಗುಟ್ಟಿನ ವಿದ್ಯೆಯಲ್ಲ, ನಮ್ಮ ಸೀಮೆಯಲ್ಲಿ ನೇಗಿಲಿಗೆ ಮರ ಕಡಿದವರಿಗೆಲ್ಲ ಗೊತ್ತಿದ್ದದ್ದೇ. ಅಪ್ಪನಲ್ಲಿ ಇದ್ದದ್ದು ವಿದ್ಯೆಗಿಂತ ಚಟ. ದಾರಿಯಲ್ಲಿ ಯಾರದೋ ದಿಮ್ಮಿ ಬಿಸಿಲಲ್ಲಿ ಬಿದ್ದಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಸ್ಕಂದಗಿರಿ ಕಡೆಯ ಒಂದು ಹಳ್ಳಿಗೆ ನೆಂಟರ ಮನೆಗೆ ಹೊರಟವರು ದಾರಿಬದಿಯ ದಿಮ್ಮಿಗೆ ಹೊಂಗೆಸೊಪ್ಪು ಹೊದಿಸುತ್ತ ನಿಂತು, ನಾವು ಊಟದ ಹೊತ್ತು ಮೀರಿ ಹೋಗಿ ತಲುಪಿದ್ದುಂಟು. "ನಂಗೆ ಜ್ವರ ಬಂದಾಗ ಒಂದು ದಿನ ಹಣೆ ಮುಟ್ಟಿ ನೋಡ್ಲಿಲ್ಲ ಈ ಮನುಷ್ಯ" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಅಪ್ಪ ನಗುತ್ತಿದ್ದರು. ಬೈದರೂ ನಗುವ ಜಾತಿ ಅವರದು. ನಾನು ಹಾಗಲ್ಲ, ಅಮ್ಮನ ಬಾಯಿ ನನಗೆ ಬಂದಿದೆ.

ನನ್ನನ್ನು ಕೊಟ್ಟದ್ದು ಚಿಂತಾಮಣಿಯಿಂದ ಮುರುಗಮಲ್ಲದ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ಹೆಣ್ಣು ನೋಡಲು ಬಂದಾಗ ನನ್ನ ಮಾವ ಮತ್ತು ಅವರ ತಮ್ಮ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಆ ತಮ್ಮನನ್ನು ನಾನು ಆಮೇಲೆ ಚಿಕ್ಕಮಾವ ಎಂದು ಕರೆಯತೊಡಗಿದೆ. ಅಣ್ಣ ಎಲೆಯಡಿಕೆಗೆ ಕೈ ಚಾಚಿದರೆ ತಮ್ಮ ಸುಣ್ಣ ಹಚ್ಚಿ ಕೊಡುತ್ತಿದ್ದರು. "ನೋಡಮ್ಮ, ಒಡೆಯದ ಮನೆ" ಎಂದು ಅಪ್ಪ ಆ ದಿನ ಎಷ್ಟು ಸಂತೋಷಪಟ್ಟಿದ್ದರು. ಮದುವೆ ಮುಗಿಸಿಕೊಂಡು ಗಂಡನ ಮನೆಗೆ ಹೋದರೆ ಅಂಗಳದ ನಡುವೆ ಗೋಡೆ, ಎರಡು ಒಲೆ, ಎರಡು ಬಾಗಿಲು. ಹೊಲವೂ ಹಿಂದಿನ ವರ್ಷವೇ ಭಾಗವಾಗಿತ್ತು. ಹೆಣ್ಣು ಸಿಗುವವರೆಗೆ ಒಟ್ಟಿಗಿರುವ ಹಾಗೆ ತೋರಿಸಿಕೊಳ್ಳೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಅಷ್ಟರ ಮಟ್ಟಿಗೆ ಒಗ್ಗಟ್ಟು.

ಇದನ್ನು ನಾನು ತವರಿನಲ್ಲಿ ಹೇಳಲಿಲ್ಲ. ಆಷಾಢಕ್ಕೆ ಹೋದಾಗಲೂ ಇಲ್ಲ, ಗೌರಿ ಹಬ್ಬಕ್ಕೆ ಹೋದಾಗಲೂ ಇಲ್ಲ. ಮೋಸ ಹೋದವರು ಅವರು, ನಾಚಿಕೆ ನನಗೆ. ಕರೆದುಕೊಂಡು ಹೋಗಲು ಬರುತ್ತಿದ್ದವನು ನನ್ನ ತಮ್ಮ. ಅವನ ಗಮನವೆಲ್ಲ ವಡೆಯ ಮೇಲೆ, ಗೋಡೆ ಕಾಣಿಸಿದ್ದರೂ ತಲೆಗೆ ಹೋಗಿರಲಿಲ್ಲ.

ಮಾವ, ಚಿಕ್ಕಮಾವ ಇಬ್ಬರ ಹೊಲದ ನಡುವಿನ ಬದುವಿನ ಮೇಲೆ ದೊಡ್ಡ ಹಲಸಿನ ಮರವೊಂದಿತ್ತು. ಹಣ್ಣು ಇಬ್ಬರಿಗೂ ಸಮ ಎಂದು ಭಾಗದ ದಿನವೇ ಆಗಿತ್ತು. ಆದರೆ ಹಣ್ಣಿಗೆ ಬದು ಯಾವುದು ಎಂದು ಗೊತ್ತಿರುತ್ತದೆಯೇ? ಆ ಕಡೆ ಹೆಚ್ಚು ಬಿಟ್ಟರೆ ಈ ಕಡೆ ಜಗಳ, ಈ ಕಡೆ ಹೆಚ್ಚು ಬಿಟ್ಟರೆ ಆ ಕಡೆ ಜಗಳ. ಮೇಲಿಂದ ಮೇಲೆ ನ್ಯಾಯ ಹೇಳಿ ಬೇಸತ್ತ ಊರಿನ ಹಿರಿಯರು ಕೊನೆಗೆ, ಕಡಿದು ಬಿಡ್ರಪ್ಪ, ಮರ ಹಂಚ್ಕೊಳ್ಳಿ, ನಮ್ಮ ತಲೆ ತಿನ್ಬೇಡಿ ಎಂದರು. ಸಂಕ್ರಾಂತಿ ಕಳೆದ ಮೇಲೆ ಕಡಿದರು. ಕೊಂಬೆಗಳನ್ನು ಸುಲಭವಾಗಿ ಹಂಚಿಕೊಂಡರು. ಬೊಡ್ಡೆಯ ದಿಮ್ಮಿಯನ್ನು ಎತ್ತುಗಳಿಂದ ಎಳೆಸಿ ಊರ ಹೊರಗೆ, ಬಸ್ಸು ನಿಲ್ಲುವ ಜಾಗದ ಪಕ್ಕ ತಂದು ಹಾಕಿದರು. ಅಲ್ಲಿಗೆ ನಿಂತಿತು. ಬುಡದ ಅರ್ಧ ದಪ್ಪ, ತುದಿಯ ಅರ್ಧ ಸಣ್ಣ. ಅಡ್ಡಕ್ಕೆ ಕೊಯ್ದರೆ ತುದಿ ಸಿಕ್ಕವನಿಗೆ ನಷ್ಟ. ಉದ್ದಕ್ಕೆ ಸೀಳಿಸೋಣವೆಂದರೆ ಮಿಲ್ಲಿಗೆ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಬೇಕು, ಅದಾಗದು.

ನನ್ನ ಗಂಡನ ಊರ ಕಡೆ ಒಂದು ಪದ್ಧತಿಯಿತ್ತು. ಕಡಿದು ಹಾಕಿದ ದಿಮ್ಮಿಗೆ ಯಾರು ಸಗಣಿ ಮೆತ್ತುತ್ತಾರೋ ಮರ ಅವರದು ಎಂದು ಅರ್ಥ. ಅದಕ್ಕೆ ಬೇರೆ ಗುರುತು ಬೇಡ, ಸಾಕ್ಷಿ ಬೇಡ. ಹಾಗಾಗಿ ತಮ್ಮ ಮೆತ್ತುವಂತಿಲ್ಲ, ಅಣ್ಣ ಮೆತ್ತುವಂತಿಲ್ಲ. ಇಬ್ಬರಿಗೂ ಮರದ ವಿಷಯ ಗೊತ್ತು, ಇಬ್ಬರೂ ದಿನಾ ಅದರ ಪಕ್ಕದಲ್ಲೇ ಹೋಗುತ್ತಿದ್ದರು, ಇಬ್ಬರೂ ಮುಖ ತಿರುಗಿಸಿಕೊಳ್ಳುತ್ತಿದ್ದರು. ನಾನು ಕುಂಟೆಗೆ, ಅಂದರೆ ಊರಿನ ಸಣ್ಣ ಕೆರೆಗೆ, ನೀರಿಗೆ ಹೋಗುವ ದಾರಿಯೂ ಅದೇ. ಮಧ್ಯಾಹ್ನ ಹೋದರೆ ದಿಮ್ಮಿ ಟಪ್ ಎಂದು ಸದ್ದು ಮಾಡುತ್ತಿತ್ತು. ಒಳಗೆ ಒಡಕು ಹೊರಟಿದೆ ಎಂದು ನನಗೆ ಗೊತ್ತು, ಬಸ್ಸಿಗೆ ಕಾಯುವವರಿಗೂ ಗೊತ್ತು. "ದೊಡ್ಡಮನೆಯೋರ ಮಾನ ಸೀಳ್ತಾ ಐತೆ ಕಣೇ" ಎಂದು ಒಬ್ಬಳು ಮುದುಕಿ ನನ್ನ ಮುಂದೆಯೇ ನಕ್ಕಳು. ನಾನು ಸೆರಗು ಎಳೆದುಕೊಂಡು ನಡೆದೆ. ಆ ಮನೆಯ ಸೊಸೆ ಎಂದು ಹೇಳಿಕೊಳ್ಳುವುದಕ್ಕೆ ಮುಖವಿರಲಿಲ್ಲ.

ಯುಗಾದಿ ಹತ್ತಿರ ಬಂತು. ಆ ವರ್ಷ ನನ್ನನ್ನು ಕರೆದುಕೊಂಡು ಹೋಗಲು ನನ್ನ ತಮ್ಮ ಬರಲಿಲ್ಲ, ಅಪ್ಪನೇ ಬಂದರು. ಮದುವೆಯಾದ ಮೇಲೆ ಅವರು ಆ ಊರಿಗೆ ಬಂದದ್ದು ಅದೇ ಮೊದಲು. ಬೀಗರು ಬಂದರೆ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ ಕೂರಿಸಿ, ಕಡ್ಡಿ ಎತ್ತಿಡಲೂ ಬಿಡದೆ ಉಪಚರಿಸಬೇಕು. ಆ ಮರ್ಯಾದೆ ಒಂದು ಸಲ ಕೆಟ್ಟರೆ ಹೆಣ್ಣುಮಗಳಿಗೆ ತವರಿನ ದಾರಿಯೂ ಕೆಟ್ಟಂತೆ. ಅಪ್ಪ ಬರುತ್ತಾರೆಂದು ನಾನು ಬೆಳಿಗ್ಗೆಯೇ ನಡುಮನೆ ಸಾರಿಸಿ, ಗೋಡೆ ಕಾಣದಂತೆ ಅಂಗಳದಲ್ಲಿ ಸೀರೆ ಒಣಹಾಕಿ ಕಾದಿದ್ದೆ. ನನ್ನ ಬುದ್ಧಿಯೂ ಅಷ್ಟರಲ್ಲೇ ಇತ್ತು ನೋಡಿ.

ಅಪ್ಪ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರ ಮುಂದೆ ಇಳಿದರು. ಇಳಿದ ಕಡೆ ಎದುರಿಗೇ ದಿಮ್ಮಿ. ದನ ಕಾಯುತ್ತಿದ್ದವನಿಗೆ ತಾವು ಯಾರ ಮನೆಗೆ ಬಂದದ್ದೆಂದು ಹೇಳಿ, ಯಾರದಪ್ಪ ಇದು ಎಂದು ಕೇಳಿದರಂತೆ. "ನಿಮ್ ಬೀಗರ್ದೇ" ಎಂದನಂತೆ ಅವನು. ಅಪ್ಪನಿಗೆ ಇನ್ನೇನು ಬೇಕು? ಹಣ್ಣು, ಹೂವು, ನನಗೆ ತಂದ ಸೀರೆ ಇದ್ದ ಚೀಲವನ್ನು ದಿಮ್ಮಿಯ ಮೇಲಿಟ್ಟು, ಅಂಗಿ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ದಾರಿಯ ಸಗಣಿ ಬಾಚಿ, ಕೆಮ್ಮಣ್ಣು ಕಲಸಿ ರಸ್ತೆಯ ಕಡೆಯ ತುದಿಗೆ ಮೆತ್ತಿದರು. ಇನ್ನೊಂದು ತುದಿ ಪಾಪಾಸುಕಳ್ಳಿಯ ಪೊದೆಯೊಳಗೆ ಹೊಕ್ಕಿತ್ತು. ಅಲ್ಲಿಗೂ ತೋಳು ತೂರಿಸಿ ಮೆತ್ತಿದರು.

ಇದೆಲ್ಲ ನನಗೆ ತಿಳಿದದ್ದು ಅವರ ಕಾಲಿಗೆ ನೀರು ಹಾಕುವಾಗ. ಮೊಣಕೈವರೆಗೆ ಕೆಂಪಾಗಿತ್ತು, ಮುಳ್ಳು ಗೀರಿದ ಗುರುತಿತ್ತು.

"ಏನಪ್ಪ ಇದು ಕೈ?"

"ನಿಮ್ ಮನೆ ದಿಮ್ಮಿ ಕಣಮ್ಮ. ಬಿಸಿಲಲ್ಲಿ ಬಾಯಿ ಬಿಡ್ತಾ ಬಿದ್ದಿತ್ತು. ಎರಡು ಕಡೇನೂ ಮೆತ್ತಿದೀನಿ. ಆ ಕಡೆ ಕಳ್ಳಿ ಒಳಗೆ ಕೈ ಹಾಕಿ ಮೆತ್ತೋಷ್ಟ್ರಲ್ಲಿ ನೋಡು, ಗೀರ್ಕೊಂಡು ಹೋಯ್ತು." ಅವರು ಖುಷಿಯಾಗಿದ್ದರು. ಮಗಳ ಮನೆಗೆ ಬಂದ ಕೂಡಲೇ ಒಂದು ಒಳ್ಳೆಯ ಕೆಲಸ ಮಾಡಿದ ಖುಷಿ.

ನಾನು ಚೊಂಬು ಕೆಳಗಿಟ್ಟೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀದಿಯಿಂದ ಕೂಗು ಕೇಳಿಸಿತು. "ಎವುರ್ರಾ ಇದಿ ಪೂಸಿಂದಿ?" ಚಿಕ್ಕಮಾವನ ಗಂಟಲು. ಸಿಟ್ಟು ಬಂದರೆ ನಮ್ಮ ಕಡೆಯವರ ಬಾಯಿಗೆ ತೆಲುಗೇ ಮೊದಲು ಬರುವುದು. "ಯಾರೋ ದಿಮ್ಮಿಗೆ ಮೆತ್ತಿದ್ದು? ಗಂಡಸಾದ್ರೆ ಆಚೆ ಬರ್ಲಿ!"

ಅಪ್ಪ ಒದ್ದೆ ಕಾಲಲ್ಲೇ ಹೊರಗೆ ಹೋದರು. "ನಾನೇ ಬೀಗರೇ. ಯಾಕೆ, ಏನಾಯ್ತು?"

"ಓಹೋ, ನೀವಾ! ಹೆಣ್ಣು ಕೊಟ್ಟಿದ್ದು ಸಾಲ್ದೂಂತ ಮರಾನೂ ಹೊಡ್ಕೊಂಡು ಹೋಗಕ್ಕೆ ಬಂದ್ರಾ? ಅಣ್ಣ ಹೇಳ್ಕೊಟ್ಟನಾ?"

ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. ಅಷ್ಟರಲ್ಲಿ ನಾನು ಒಣಹಾಕಿದ್ದ ಸೀರೆಯನ್ನು ಯಾರೋ ಪಕ್ಕಕ್ಕೆ ಸರಿಸಿಕೊಂಡು ಜಗಳ ನೋಡಲು ಬಂದರು. ಅದರ ಹಿಂದಿನ ಗೋಡೆ ಅಪ್ಪನಿಗೆ ಕಂಡಿತು. ಅವರು ಆ ಗೋಡೆಯನ್ನು ನೋಡಿದ್ದನ್ನು ನಾನು ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಚಿಕ್ಕಮಾವನನ್ನು ಬೈದುಕೊಂಡು ನಾನೂ ಮರೆಯುತ್ತಿದ್ದೆನೇನೋ. ಆದರೆ ನನ್ನ ಮಾವ ಎದ್ದು ಬಂದರು. ಅವರಿಗೆ ಗೊತ್ತಿತ್ತು, ಅಪ್ಪ ಏನೂ ತಿಳಿಯದೆ ಮೆತ್ತಿದ್ದಾರೆಂದು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ತೊಡೆ ತಟ್ಟಿಕೊಂಡು, "ಹೌದು ಕಣೋ, ಮೆತ್ತಿದ್ದು ನಮ್ಮ ಬೀಗರು. ನಮ್ಮ ಕಡೆಯೋರು. ಮೆತ್ತಿ ಆಯ್ತು, ದಿಮ್ಮಿ ನಮ್ದೇ! ಎಲ್ರೂ ನೋಡಿದೀರಲ್ಲ?" ಎಂದು ಊರಿನವರ ಕಡೆ ತಿರುಗಿದರು. ಗೋಡೆಯ ಆಚೆ ಈಚೆ ಹೀಗೆ ಕಿತ್ತಾಡುವವರು ನನ್ನ ಹತ್ತಿರದವರಲ್ಲ ಎಂದುಕೊಳ್ಳಲೂ ಆಗದೆ, ಇದು ನನ್ನ ಮನೆ ಎನ್ನಲೂ ಆಗದೆ ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ಕಂಬಕ್ಕೆ ಒರಗಿ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಆ ಹೆಬ್ಬೆರಳಿನಲ್ಲಿ ಅಂಥದ್ದೇನಿತ್ತೋ, ಸಾಯುವವರೆಗೂ ಅವರು ಹೇಳಲಿಲ್ಲ.

"ಇಲ್ಲ ಬೀಗರೇ" ಎಂದರು ಅಪ್ಪ, ನನ್ನ ಮಾವನಿಗೆ. "ನಾನು ಯಾರ ಪರವಾಗೂ ಮೆತ್ತಲಿಲ್ಲ. ಕೈ ಚಪಲ. ತೊಳೆದುಬಿಡ್ತೀನಿ."

"ತೊಳೆದ್ರೆ ನಮ್ ಮಾನ ಹೋಯ್ತದೆ!" ಎಂದು ಮಾವ. "ತೊಳೀದೆ ಇದ್ರೆ ಊರು ಬಿಟ್ಟು ಹೋಗಕ್ಕೆ ಬಿಡಲ್ಲ!" ಎಂದು ಚಿಕ್ಕಮಾವ.

ನನಗೆ ತಡೆಯಲಾಗಲಿಲ್ಲ. ಕೊಡಪಾನ ಎತ್ತಿಕೊಂಡು ಅಷ್ಟು ಜನ ಗಂಡಸರ ನಡುವೆ ಇಳಿದು, "ಅಪ್ಪಂಗೆ ಏನೂ ಗೊತ್ತಿಲ್ಲ, ನಾನೇ ಹೇಳಿರ್ಲಿಲ್ಲ. ನಾನು ತೊಳೀತೀನಿ" ಎಂದೆ. ಅತ್ತೆ ಹಿಂದಿನಿಂದ ಅಯ್ಯೋ ಎಂದು ಬಾಯಿ ಬಡಿದುಕೊಂಡರು. ಅಪ್ಪ ನನ್ನ ಕೈಯಿಂದ ಕೊಡಪಾನ ತೆಗೆದುಕೊಂಡರು. "ನೀನು ಒಳಗ್ ಹೋಗಮ್ಮ" ಎಂದರು. ನಾನು ಹೋಗಲಿಲ್ಲ.

ಊರಿಗೆ ಊರೇ ಹಿಂದೆ ಹೊರಟಿತು. ಅಪ್ಪ ಕುಂಟೆಯಿಂದ ನೀರು ತಂದು ರಸ್ತೆಯ ಕಡೆಯ ತುದಿಗೆ ಸುರಿದರು. ಅಂಗೈಯಿಂದ ಉಜ್ಜಿದರು. ತೆಂಗಿನ ನಾರು ಸಿಕ್ಕಿತು, ಅದರಿಂದ ತಿಕ್ಕಿದರು. ಸಗಣಿನೀರು ಅವರ ಪಾದದ ಮೇಲೆಲ್ಲ ಹರಿಯಿತು. ಹಳದಿ ಚೇಗು ಮತ್ತೆ ಬರಿದಾಗಿ ಬಿಸಿಲಿಗೆ ಕಾಣುವವರೆಗೆ ಚಿಕ್ಕಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಮಾವ ಬರಲೇ ಇಲ್ಲ. ಬೇರೆಯವರ ಅಪ್ಪನಾಗಿದ್ದರೆ ನನಗೂ ನಗು ಬರುತ್ತಿತ್ತೋ ಏನೋ, ಯಾರೋ ಇಬ್ಬರು ಹುಡುಗಿಯರು ನಗುತ್ತಿದ್ದರು.

ತೊಳೆದಾದ ಮೇಲೆ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕಳ್ಳಿಪೊದೆಯ ಕಡೆ ನೋಡಿದರು. ಆ ಕಡೆಯೂ ಮೆತ್ತಿದೆ ಎಂಬುದು ನನಗೂ ಅವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು. ಕೊಡಪಾನ ಬೋರಲು ಹಾಕಿ, ಅಂಗಿ ತೊಟ್ಟುಕೊಂಡು, "ಆಯ್ತು ಬೀಗರೇ, ತೊಳೆದಿದೀನಿ" ಎಂದು ಚಿಕ್ಕಮಾವನಿಗೆ ಕೈ ಮುಗಿದರು. ಜನ ಚದುರಿತು.

ಮನೆಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಕೈಯಲ್ಲಿದ್ದ ಮರ ಬಿಟ್ಟುಕೊಟ್ಟ ಎಂದು ನನ್ನ ಮಾವನಿಗೂ ಸಿಟ್ಟು. ಸೊಸೆ ಈ ಯುಗಾದಿಗೆ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿಕಳಿಸಿದರು. ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟು, ಬಸ್ಸಿಗೆ ಕಾಯುತ್ತ ಆ ದಿಮ್ಮಿಯಿಂದ ದೂರ ನಿಂತರು. ಬಂದ ಮನೆಯಲ್ಲಿ ಒಂದು ಲೋಟ ನೀರನ್ನೂ ಅವರು ಕುಡಿದಿರಲಿಲ್ಲ. ನಾನು ಅಳುತ್ತಿದ್ದೆ. "ಗೋಡೆ ವಿಷಯ ಹೇಳ್ಬೇಕಿತ್ತಮ್ಮ" ಎಂದಷ್ಟೇ ಹೇಳಿದರು, ಅದೂ ಬಸ್ಸು ಬಂದ ಮೇಲೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯರು ಮತ್ತೆ ಕೂತು, ಅಡ್ಡಕ್ಕೆ ಕೊಯ್ಯಿಸಿ ಚೀಟಿ ಎತ್ತಿಸಿದರು. ದಪ್ಪನೆಯ ಬುಡ ನಮಗೆ ಬಂತು. ಮಾವ ಮೀಸೆ ತಿರುವಿಕೊಂಡೇ ಚಿಂತಾಮಣಿಯ ಮಿಲ್ಲಿಗೆ ಗಾಡಿ ಹೊಡೆಸಿದರು. ಆದರೆ ಅದು ರಸ್ತೆಯ ಕಡೆಯ ತುದಿ, ತೊಳೆಸಿಕೊಂಡ ತುದಿ. ತೋಳುದ್ದ ಒಡಕು ಒಳಕ್ಕೆ ಓಡಿತ್ತು. ಒಡಕಿನ ದಾರಿ ಹಿಡಿದು ಹುಳ ನಡುವಿನವರೆಗೂ ಹೋಗಿತ್ತು. ಒಂದು ಹಲಗೆ ನೆಟ್ಟಗೆ ಬರಲಿಲ್ಲ. ಆ ಚಳಿಗಾಲವೆಲ್ಲ ನಮ್ಮ ಬಚ್ಚಲ ಒಲೆಯಲ್ಲಿ ಹಲಸು ಉರಿಯಿತು. ಚಿಕ್ಕಮಾವನ ಸಣ್ಣ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕಿರಲಿಲ್ಲ. ಅವರು ಮಣೆಗಳನ್ನು ಮಾಡಿಸಿದರು. ಮೆತ್ತಿದ್ದು ಅಷ್ಟರಲ್ಲಿ ಮಳೆಗೆ ಕರಗಿ ಗುರುತೂ ಉಳಿದಿರಲಿಲ್ಲ, ಕಳ್ಳಿಯ ನೆರಳು ಕಾಪಾಡಿತು ಎಂದರು ಊರಿನವರು. ಅದೃಷ್ಟ ಎಂದರು ಚಿಕ್ಕಮಾವ. ಒಲೆಗೆ ಸೌದೆ ನೂಕುತ್ತ ನಾನು ಗಂಡನಿಗೆ ನಿಜ ಹೇಳಿದೆ. ಅವರು ಹೆಬ್ಬೆರಳು ನೋಡಿಕೊಂಡರು.

ಅಪ್ಪ ಆ ಊರಿಗೆ ಬರುವುದನ್ನು ಬಿಟ್ಟರು. ಮಗಳನ್ನು ನೋಡಬೇಕೆನಿಸಿದರೆ ಕೈವಾರಕ್ಕೆ ಬಂದು ಕೂತು ಹೇಳಿಕಳಿಸುತ್ತಿದ್ದರು. ಮಗುವನ್ನು ಕಂಕುಳಲ್ಲಿ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮಗಳ ಮನೆಯಿದ್ದೂ ದೇವಸ್ಥಾನದ ಜಗುಲಿಯಲ್ಲಿ ಮೊಮ್ಮಗನನ್ನು ಆಡಿಸಬೇಕಾದ ಅಪ್ಪನ ಎದುರು ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಅವರು ಮಾತ್ರ ಯಾವತ್ತಿನ ಹಾಗೆ ನಗುತ್ತಿದ್ದರು.

ಅರವತ್ತರ ದಶಕ ಕಾಲಿಟ್ಟು ಕೆಲವು ವರ್ಷಗಳಾದ ಮೇಲೆ ಚಿಕ್ಕಮಾವನ ಮಗಳ ಮದುವೆ ಬಂತು. ಮದುವೆಗೆಂದು ಅಣ್ಣತಮ್ಮಂದಿರು ಮಾತಾಡಿಕೊಂಡರು, ಗೋಡೆಗೂ ಸುಣ್ಣ ಹೊಡೆಸಿದರು. ಚಿಕ್ಕಮಾವ ತಾವೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಪ್ಪನಿಗೆ ಅಕ್ಷತೆ ಕೊಟ್ಟು ಕರೆದರು. ಅಪ್ಪ ಬಂದರು. ನಾನು ಮೂರು ಹೊತ್ತೂ ಅವರ ಕಡೆಯೇ ನೋಡುತ್ತಿದ್ದೆ, ಈ ಸಲವಾದರೂ ಮರ್ಯಾದೆ ಉಳಿಯಲಿ ಎಂದು.

ಊಟದ ಪಂಕ್ತಿ ಕೂತಿತು. ಉಳಿದವರಿಗೆ ಚಾಪೆ, ಅಪ್ಪನಿಗೆ ಮಾತ್ರ ಚಿಕ್ಕಮಾವ ತಾವೇ ಮಣೆ ತಂದು ಹಾಕಿದರು. ಹಳದಿ ಹೋಗಿ ಬೆಲ್ಲದ ಬಣ್ಣಕ್ಕೆ ತಿರುಗಿದ ಹಲಸಿನ ಮಣೆ. ಅಪ್ಪ ಅದನ್ನು ಎತ್ತಿ, ತಿರುವಿ, ಅಂಚಿನ ಮೇಲೆ ಹೆಬ್ಬೆರಳಾಡಿಸಿದರು.

"ಒಂದು ಬಿರುಕಿಲ್ಲ ನೋಡಿ ಬೀಗರೇ" ಎಂದರು ಚಿಕ್ಕಮಾವ. "ನಮ್ ಅದೃಷ್ಟ."

"ಹೂಂ, ಚೆನ್ನಾಗೈತೆ" ಎಂದು ಅಪ್ಪ ಮಣೆಯನ್ನು ಗೋಡೆಗೆ ಒರಗಿಸಿ, ಚಾಪೆಯ ಮೇಲೇ ಕೂತರು. "ನಂಗೆ ಇಲ್ಲೇ ಸುಖ."

ನಾನು ಸಾರಿನ ಪಾತ್ರೆ ಹಿಡಿದು ಪಂಕ್ತಿಯ ನಡುವೆ ನಿಂತಿದ್ದೆ. ಅದೃಷ್ಟ ಎಂಬ ಮಾತು ನನ್ನನ್ನು ಚುಚ್ಚಿತು. ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. "ಅದೃಷ್ಟ ಅಲ್ಲ ಚಿಕ್ಕಮಾವ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಆ ಕಡೆ ಕಳ್ಳಿ ಒಳಗೂ ಅಪ್ಪ ಮೆತ್ತಿದ್ರು. ನೀವು ತೊಳೆಸಿದ್ದು ಈ ಕಡೇದು ಮಾತ್ರ. ಆ ಕಡೇದು ತೊಳೀಲೇ ಇಲ್ಲ. ಅದಕ್ಕೇ ನಿಮ್ಗೆ ಮಣೆ ಬಂತು, ನಮ್ಗೆ ಸೌದೆ ಬಂತು."

ಚಿಕ್ಕಮಾವ ಮಣೆಯನ್ನು ನೋಡಿದರು. ನನ್ನ ಮಾವ ತಮ್ಮ ಎಲೆಯನ್ನು ನೋಡಿದರು. ಕೊನೆಗೂ ಗೆದ್ದೆ ಎಂದುಕೊಂಡು ನಾನು ಅಪ್ಪನ ಕಡೆ ತಿರುಗಿದೆ. ಅವರ ಮುಖದಲ್ಲಿ ನಗುವಿರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ತಲೆ ತಗ್ಗಿಸಿದ್ದನ್ನು ಕಂಡೆ. ತೊಳೆದಿದೀನಿ ಎಂದು ಕೈ ಮುಗಿದು ಹೇಳಿದ್ದ ಮನುಷ್ಯನನ್ನು ನಾನು ಇಡೀ ಪಂಕ್ತಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡಿದ್ದೆ.

ಅಪ್ಪ ಎಲೆಯ ಮುಂದೆ ಎದ್ದು ನಿಂತು ಚಿಕ್ಕಮಾವನಿಗೆ ಕೈ ಮುಗಿದರು. "ತಪ್ಪಾಯ್ತು ಬೀಗರೇ. ಆ ಕಡೇದೂ ತೊಳೀಬೇಕಿತ್ತು. ಮನಸ್ಸು ಬರ್ಲಿಲ್ಲ."

ಗೋಡೆಗೆ ಒರಗಿದ್ದ ಮಣೆಯನ್ನು ಯಾರೂ ಮುಟ್ಟಲಿಲ್ಲ. ನನ್ನ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪ ಮತ್ತೆ ಚಾಪೆಯ ಮೇಲೆ ಕೂತು, ಎಲೆಯ ಮೇಲಿನ ಅನ್ನವನ್ನು ಗುಳಿ ಮಾಡಿಕೊಂಡರು.

"ಬಡಿಸಮ್ಮ" ಎಂದರು. "ಎಲ್ಲಾರೂ ಕಾಯ್ತಾವ್ರೆ."